ಕತ್ತರಿ ಹಚ್ಚಬ್ಯಾಡ

ಆಪರೇಷನ್ನಿಗೆ ಅರ್ಧ ತಾಸು ಇರುವಾಗ ನರ್ಸ್ ಬಂದು ಹಸಿರು ಗೌನು ಕೊಟ್ಟಳು. "ಅಜ್ಜಾರ ಮೈಮ್ಯಾಲಿನ ದಾರ-ಗೀರ ಎಲ್ಲಾ ತಗದು ಬಿಡ್ರಿ" ಅಂದು ಟ್ರೇ ಮೇಲೆ ಒಂದು ಸಣ್ಣ ಕತ್ತರಿ ಇಟ್ಟು ಹೋದಳು. ಹರ್ನಿಯಾ ಆಪರೇಷನ್. ದೊಡ್ಡದೇನಲ್ಲ ಅಂತ ಡಾಕ್ಟರು ಮೂರು ಸಲ ಹೇಳಿದ್ದರು. ಮೂರು ಸಲ ಹೇಳಿದ್ದಕ್ಕೇ ನನಗೆ ಹೆದರಿಕೆ ಶುರುವಾಗಿತ್ತು.

ಅಪ್ಪನ ಮೈಮೇಲೆ ಎಷ್ಟು ದಾರ ಇವೆ ಅಂತ ನಾನು ಅವತ್ತೇ ಮೊದಲ ಸಲ ಎಣಿಸಿದ್ದು. ಬಲಗೈಗೆ ಬನಶಂಕರಿ ಜಾತ್ರೆಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರ. ಕೆಂಪು ಅಂತ ನಾವೇ ತಿಳಿದುಕೊಳ್ಳಬೇಕು, ಅದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಎಡಗಾಲಿಗೆ ಕರಿದಾರ, ಮೊಣಕಾಲು ನೋವಿಗೆ ಅಂತ ಅವ್ವ ಕಟ್ಟಿದ್ದು. ನಡುವಿಗೆ ಉಡದಾರ, ಅದಕ್ಕೊಂದು ತಾಮ್ರದ ತಾಯತ. ಅಪ್ಪ ಸಣ್ಣವನಿದ್ದಾಗ ಜ್ವರ ಬಿಡದೆ ಮಲಗಿದ್ದನಂತೆ, ಆಗ ಆಯಿ ಬಿಜಾಪುರದ ಒಂದು ದರ್ಗಾದಿಂದ ತಂದು ಕಟ್ಟಿದ್ದಳು. ಉಡದಾರ ಎಷ್ಟೋ ಸಲ ಬದಲಾಗಿದೆ, ತಾಯತ ಮಾತ್ರ ಅದೇ. ಇನ್ನು ಕೊರಳಲ್ಲಿ ಶಿವದಾರ, ಅದರಲ್ಲಿ ಲಿಂಗ. ಕೊರಳಲ್ಲಿ ಲಿಂಗ, ನಡುವಿಗೆ ದರ್ಗಾದ ತಾಯತ. ಇದರಲ್ಲಿ ಏನಾದರೂ ಹೊಂದಿಕೆಯಾಗುವುದಿಲ್ಲ ಅಂತ ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿದ್ದಿಲ್ಲ.

ಕೈದು, ಕಾಲಿಂದು ಕತ್ತರಿಸುವಾಗ ಅಪ್ಪ ಸುಮ್ನೆ ಇದ್ದ. ನಡುವಿಗೆ ಕೈ ಹಾಕಿದೊಡನೆ ನನ್ನ ಕೈ ಹಿಡಿದುಕೊಂಡ.

"ಕತ್ತರಿ ಹಚ್ಚಬ್ಯಾಡ ಯವ್ವಾ. ಉಡದಾರ ಕಡಿಯೂದು ಒಂದ ಸಲ. ಅದನ್ನ ನೀವು ಆಮ್ಯಾಲೆ ಕಡೀರಿ."

ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ನಮ್ಮ ಕಡೆ ಗಂಡಸರ ಉಡದಾರವನ್ನು ಕಡಿಯುವುದು ಸತ್ತ ಮೇಲೆ. ಬದುಕಿದ್ದಾಗ ಹಳೆಯದು ಸವೆದರೆ ಮೊದಲು ಹೊಸದನ್ನು ಕಟ್ಟಿಕೊಂಡು, ಆಮೇಲೆ ಹಳೆಯದನ್ನು ಬಿಚ್ಚಬೇಕು. ಒಂದು ಗಳಿಗೆಯೂ ನಡು ಬರಿದಾಗಿ ಇರಬಾರದು. ಹಾಗಾಗಿ ನಾನು ಸೀರೆಯ ಪಿನ್ನು ತೆಗೆದು, ವರ್ಷಗಟ್ಟಲೆ ಬೆವರು, ಎಣ್ಣೆ, ಹೊಲದ ಧೂಳು ಕುಡಿದು ಕಲ್ಲಾಗಿದ್ದ ಗಂಟನ್ನು ಎಳೆ ಎಳೆಯಾಗಿ ಬಿಡಿಸುತ್ತಾ ಕೂತೆ. ನರ್ಸ್ ಎರಡು ಸಲ ಬಂದು ಇಣುಕಿದಳು. ಪುಣ್ಯಕ್ಕೆ ಅವಳೂ ನಮ್ಮ ಕಡೆಯವಳೇ. "ಆಗ್ಲಿ, ಸಾವಕಾಶ ಬಿಚ್ರಿ" ಅಂದಳು.

ಕೊನೆಗೆ ಲಿಂಗ. ಅದನ್ನು ಅವನೇ ಕೊರಳಿಂದ ತೆಗೆದು ನನ್ನ ಬಲ ಅಂಗೈಯಲ್ಲಿಟ್ಟ. "ಕೆಳಗ ಇಡಬ್ಯಾಡ. ನಾ ಬರೂತನಕ ಕೈಯಾಗ ಇರ್ಲಿ." ಸ್ಟ್ರೆಚರ್ ಹೋಯಿತು, ಬಾಗಿಲು ಮುಚ್ಚಿತು. ಎರಡು ತಾಸು ನಾನು ಹೊರಗಿನ ಕುರ್ಚಿಯಲ್ಲಿ ಒಂದು ಕೈ ಮುಚ್ಚಿಕೊಂಡೇ ಕೂತಿದ್ದೆ. ಫೋನು ನೋಡಲು ಒಂದೇ ಕೈ. ಚಹಾ ಕುಡಿಯಲು ಅದೇ ಕೈ. ಮಾಡಲು ಬೇರೆ ಕೆಲಸ ಇಲ್ಲದಿದ್ದಾಗ ತಲೆಗೆ ಬಂದದ್ದೆಲ್ಲ ದಾರದ ವಿಚಾರವೇ.

ನಮ್ಮ ಮಾತಿನಲ್ಲಿ 'ಕಟ್ಟು' ಅನ್ನುವ ಒಂದೇ ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಮನೆ ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ದನ ಕಟ್ಟುತ್ತೇವೆ, ತಾಳಿ ಕಟ್ಟುತ್ತಾರೆ. ಶುಗರ್ ಬಂದವರು ಬಾಯಿ ಕಟ್ಟಬೇಕು. ಹೊಲದ ತಕರಾರು ಕೋರ್ಟಿಗೆ ಹೋದವರು ಎದುರಿನವನ ಬಾಯಿ ಕಟ್ಟಿಸಲು ಯಾರನ್ನೋ ಹುಡುಕಿಕೊಂಡು ಹೋಗುತ್ತಾರೆ. ಮೋಡ ಆಡಿಸಿ ಹೋದ ವರ್ಷ ಕಟ್ಟೆಯ ಮೇಲೆ ಕೂತವರು "ಯಾರೋ ಮಳಿ ಕಟ್ಯಾರ" ಅನ್ನುತ್ತಾರೆ. ಕಾಯಲಿಕ್ಕೂ ಕಟ್ಟುವುದೇ, ಕೆಡಿಸಲಿಕ್ಕೂ ಕಟ್ಟುವುದೇ.

ಇದು ನಮ್ಮೂರಿನ ಹಳ್ಳಿತನ ಅಂದುಕೊಳ್ಳಬೇಡಿ. ಹಳೆಯ ಗ್ರೀಕರಲ್ಲಿ ಸೀಸದ ತೆಳು ತಗಡಿನ ಮೇಲೆ ಎದುರಾಳಿಯ ಹೆಸರು ಕೊರೆದು, ಸುತ್ತಿ, ಮೊಳೆ ಹೊಡೆದು ಗೋರಿಯಲ್ಲೋ ಬಾವಿಯಲ್ಲೋ ಹಾಕುವ ಪದ್ಧತಿ ಇತ್ತು. ಕೋರ್ಟಿನಲ್ಲಿ ಅವನ ನಾಲಿಗೆ ಏಳಬಾರದು ಅಂತ. ಅದಕ್ಕೆ ಅವರು ಇಟ್ಟ ಹೆಸರಿನ ಅರ್ಥವೂ 'ಕೆಳಗೆ ಕಟ್ಟಿಹಾಕುವುದು' ಅಂತಲೇ. ಅಲ್ಲಿ ಸೀಸ, ಇಲ್ಲಿ ತಾಮ್ರ. ತಗಡು ಬೇರೆ, ತಕರಾರು ಅದೇ.

ಕೈಗೆ ರಕ್ಷೆ ಕಟ್ಟುವಾಗ ಪುರೋಹಿತರು ಹೇಳುವ ಮಂತ್ರ ನಿಮಗೂ ಗೊತ್ತಿರಬಹುದು. 'ಯೇನ ಬದ್ಧೋ ಬಲೀ ರಾಜಾ' ಅಂತ ಶುರುವಾಗುತ್ತದೆ. ಮಹಾಬಲಶಾಲಿ ಬಲಿ ರಾಜನನ್ನು ಯಾವುದರಿಂದ ಕಟ್ಟಿದರೋ ಅದರಿಂದಲೇ ನಿನ್ನನ್ನೂ ಕಟ್ಟುತ್ತೇನೆ, ರಕ್ಷೆಯೇ, ಅಲುಗಬೇಡ, ಅಲುಗಬೇಡ ಅಂತ ಅರ್ಥ. ಇದನ್ನು ಯಾರೋ ಬಿಡಿಸಿ ಹೇಳಿದಾಗ ನಾನು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿಕೊಂಡಿದ್ದೆ. ನಾವು ದೀಪಾವಳಿಯ ಪಾಡ್ಯಕ್ಕೆ ಆ ಬಲಿಯನ್ನು ನೆನೆದು ಪೂಜೆ ಮಾಡುವವರು. ಬಲಿಯ ಕಡೆ ನಿಂತು ನೋಡಿದರೆ ಆ ದಾರ ಕಾವಲಲ್ಲ, ಸೆರೆ. ಅದೇ ದಾರ ನನ್ನ ಕೈಗೆ ಬಂದೊಡನೆ ಹೇಗೆ ಕಾವಲಾಗುತ್ತದೆ?

ಈ ಪ್ರಶ್ನೆಗೆ ನನಗೆ ಹೊಳೆದ ಉತ್ತರ ಬಂದದ್ದು ಗೋಡೆಯ ಆಚೆಯಿಂದ. ಬಿಜಾಪುರದಲ್ಲಿ (ಹೆಸರು ವಿಜಯಪುರ ಆಗಿ ಎಷ್ಟೋ ವರ್ಷವಾಯಿತು, ನಾಲಿಗೆ ಕೇಳುವುದಿಲ್ಲ) ನಾವು ಬಾಡಿಗೆಗೆ ಇರುವ ಮನೆಯ ಮಾಲೀಕರು ದಿನಾ ಬೆಳಿಗ್ಗೆ ಜಪಕ್ಕೆ ಕೂರುತ್ತಾರೆ. ಮೊದಲು ಎದೆ, ತಲೆ, ಜುಟ್ಟು, ಕಣ್ಣು ಮುಟ್ಟಿಕೊಳ್ಳುತ್ತಾರೆ. ಆಮೇಲೆ ತಲೆಯ ಸುತ್ತ ಚಿಟಿಕೆ ಹಾಕುತ್ತಾ 'ಭೂರ್ಭುವಸ್ಸುವರೋಮಿತಿ ದಿಗ್ಬಂಧಃ' ಅನ್ನುತ್ತಾರೆ. ದಿಕ್ಕುಗಳನ್ನೆಲ್ಲ ಕಟ್ಟಿದ್ದಾಯಿತು, ಒಳಗೆ ಯಾರೂ ಬರುವ ಹಾಗಿಲ್ಲ. ಇಷ್ಟು ನನಗೆ ಗೊತ್ತಿತ್ತು. ಒಂದು ದಿನ ನೀರು ತುಂಬುತ್ತಾ ಪೂರ್ತಿ ಕೇಳಿಸಿಕೊಂಡಾಗ ಜಪ ಮುಗಿದ ಮೇಲೆ ಅದೇ ಸಾಲು ಮತ್ತೆ ಬಂತು. ಆದರೆ ಕೊನೆಯ ಪದ ಬೇರೆ. 'ದಿಗ್ವಿಮೋಕಃ.' ಕಟ್ಟಿದ ದಿಕ್ಕುಗಳನ್ನು ಬಿಚ್ಚಿದ್ದು. ಹತ್ತು-ಹದಿನೈದು ನಿಮಿಷದ ಬೇಲಿ. ಕೆಲಸ ಮುಗಿಯಿತು, ಬೇಲಿ ತೆಗೆದರು, ಪೇಪರು ಓದಲು ಕೂತರು.

ಅವತ್ತಿನಿಂದ ನನಗೊಂದು ಚಟ ಹತ್ತಿದೆ. ಯಾವುದೇ ಕಟ್ಟು ಕಂಡರೂ ಇದನ್ನು ಬಿಚ್ಚುವ ದಿನ ಯಾವುದು ಅಂತ ಕೇಳಿಕೊಳ್ಳುತ್ತೇನೆ. ಹುಡುಕಿದರೆ ನಮ್ಮ ಕಡೆಯ ಹೆಚ್ಚಿನ ಕಟ್ಟುಗಳಿಗೆ ಅಂಥದೊಂದು ದಿನ ಇದ್ದೇ ಇದೆ. ನನ್ನ ಮದುವೆಯಲ್ಲಿ ಅರಿಷಿಣ ಕೊಂಬಿನ ಕಂಕಣ ಕಟ್ಟಿದಾಗ ಎಷ್ಟು ಹೆದರಿಸಿದ್ದರು. ಕಂಕಣ ಕಟ್ಟಿದ ಮೇಲೆ ಊರ ಸೀಮಿ ದಾಟಬಾರದು, ಒಬ್ಬಳೇ ಎಲ್ಲೂ ಹೋಗಬಾರದು. ಮದುವೆ ಮುಗಿದ ಮೇಲೆ ಅದೇ ಕಂಕಣವನ್ನು ಒಂದೇ ಕೈಯಿಂದ ಬಿಚ್ಚು ಅಂತ ಕೂರಿಸಿ, ಗಂಡ ಸೋತಿದ್ದಕ್ಕೆ ಮನೆಮಂದಿಯೆಲ್ಲ ನಕ್ಕಿದ್ದರು. ಅನಂತನ ವ್ರತ ಹಿಡಿದವರ ದಾರಕ್ಕೆ 14 ಗಂಟು, 14 ವರ್ಷ, ಆಮೇಲೆ ಉದ್ಯಾಪನೆ. ಮೊಹರಮ್ಮಿಗೆ ಹರಕೆ ಹೊತ್ತು ಫಕೀರರಾಗುವ ಹುಡುಗರು ಕೊರಳಿಗೆ ಲಾಡಿ ಹಾಕಿಕೊಳ್ಳುತ್ತಾರೆ. ನನ್ನ ತಮ್ಮನೂ ಹಾಕಿಕೊಂಡಿದ್ದ. ಹಬ್ಬ ಮುಗಿದು ದೇವರು ಹೊಳೆಗೆ ಹೋಗಿ ಬಂದ ಮೇಲೆ ಲಾಡಿ ಬಿಚ್ಚಿ, ಚೋಂಗೆ ತಿಂದು, ಮರುದಿನ ಸಾಲೆಗೆ ಹೋಗುವುದು.

ಇದೆಲ್ಲಕ್ಕಿಂತ ನನಗೆ ಇಷ್ಟ ಕಾರ ಹುಣ್ಣಿಮೆಯ ಕರಿ. ಜೂನ್ ತಿಂಗಳಲ್ಲಿ ಬರುತ್ತದೆ, ಮುಂಗಾರು ಬಿತ್ತುವ ಹೊತ್ತು. ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಇಡೀ ದಿನ ಉಪಚಾರ. ಸಂಜೆ ಊರ ಅಗಸಿಗೆ ಅಡ್ಡಲಾಗಿ ಹಗ್ಗ ಕಟ್ಟುತ್ತಾರೆ. ಹಗ್ಗಕ್ಕೆ ಬೇವಿನ ತಪ್ಪಲು, ಕೊಬ್ಬರಿ ಪೋಣಿಸಿರುತ್ತಾರೆ. ಎತ್ತುಗಳನ್ನು ಓಡಿಸಿಕೊಂಡು ಬಂದು ಆ ಕರಿ ಹರಿಯುವುದು. ಬಿಳಿ ಎತ್ತು ಹರಿದರೆ ಬಿಳಿ ಬೆಳೆ ಚೆನ್ನಾಗಿ ಬರುತ್ತದೆ, ಜೋಳ, ಹತ್ತಿ. ಕೆಂದ ಎತ್ತು ಹರಿದರೆ ಕೆಂಪು ಬೆಳೆ. ಬೇವು ಕಟ್ಟಿ ಊರ ಬಾಗಿಲಿಗೆ ಕಾವಲು ಹಾಕಿದವರೇ ಸಂಜೆ ಅದು ಹರಿಯಲಿ ಅಂತ ಕೇಕೆ ಹಾಕುತ್ತಾರೆ. ಸಣ್ಣವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡುತ್ತಿದ್ದೆ. ಹರಿದ ಕರಿಯ ಒಂದು ಎಳೆ ಸಿಕ್ಕರೂ ಮನೆಗೆ ತರುತ್ತಿದ್ದ.

ಇನ್ನು ಇಡೀ ಊರನ್ನೇ ಕಟ್ಟುವುದು ಒಂದಿದೆ. ವಾರ ಹಿಡಿಯುವುದು ಅಂತೀವಿ. ದ್ಯಾಮವ್ವನ ಜಾತ್ರೆಗೆ ಮುಂಚೆಯೋ, ಊರಲ್ಲಿ ರೋಗ-ರುಜಿನ ಜಾಸ್ತಿಯಾದಾಗಲೋ ಹಿರಿಯರು ಕೂತು ತೀರ್ಮಾನ ಮಾಡುತ್ತಾರೆ, ಡಂಗುರ ಸಾರುತ್ತಾರೆ. ಐದು ವಾರ, ವಾರಕ್ಕೊಂದು ದಿನ. ಆ ದಿನ ಹೊಲದ ಕೆಲಸ ಇಲ್ಲ, ಗಳೆ ಹೂಡುವ ಹಾಗಿಲ್ಲ. ಬೀಸುವ ಹಾಗಿಲ್ಲ, ಕುಟ್ಟುವ ಹಾಗಿಲ್ಲ, ರೊಟ್ಟಿ ಬಡಿಯುವ ಹಾಗಿಲ್ಲ. ಮುರಿದರೆ ದಂಡ. ಅವ್ವನಿಗೆ ಈ ವಾರಗಳೆಂದರೆ ಬಹಳ ಪ್ರೀತಿ. ಭಕ್ತಿಗಿಂತ ಜಾಸ್ತಿ ಇನ್ನೊಂದು ಕಾರಣ ಇತ್ತು ಅಂತ ಈಗ ಅನ್ನಿಸುತ್ತದೆ. ನಮ್ಮ ಕಡೆ ಹೆಂಗಸಿಗೆ ರೊಟ್ಟಿ ಬಡಿಯದ ದಿನ ಅಂದರೆ ಏನು ಅಂತ ರೊಟ್ಟಿ ಬಡಿದವರಿಗೇ ಗೊತ್ತು. ದೇವಿಯ ಹೆಸರಿನಲ್ಲಿ ರಜೆ ಕೊಟ್ಟರೆ ಅತ್ತೆಯೂ ಎದುರಾಡುವುದಿಲ್ಲ.

ಕೂಲಿಗೆ ಹೋಗುವವರ ಲೆಕ್ಕ ಬೇರೆ. ಹೊಲ ಇದ್ದವನಿಗೆ ವಾರ ಅಂದರೆ ಒಂದು ದಿನದ ವಿಶ್ರಾಂತಿ. ದಿನಗೂಲಿಯವನಿಗೆ ಒಂದು ದಿನದ ಊಟ ಹೋದ ಹಾಗೆ. ಊರು ಕಾಯಲು ಎಲ್ಲರೂ ಸಮನಾಗಿ ಕಟ್ಟಿಸಿಕೊಂಡ ಹಾಗೆ ಕಾಣುತ್ತದೆ. ಹಗ್ಗ ಯಾರ ಮೈಗೆ ಒತ್ತುತ್ತದೆ ಅನ್ನುವುದು ಡಂಗುರದಲ್ಲಿ ಬರುವುದಿಲ್ಲ.

2020ರ ಬೇಸಿಗೆಯಲ್ಲಿ ಲಾಕ್‌ಡೌನ್ ಆದಾಗ ನಮ್ಮೂರಿನ ದಾರಿಗೆ ಮುಳ್ಳುಕಂಟಿ, ಕಲ್ಲು ಅಡ್ಡ ಹಾಕಿದ್ದರು. ಪೇಪರಿನವರು ಬರೆಯುತ್ತಿದ್ದ ಪದವೂ ದಿಗ್ಬಂಧನ. ಹಿರಿಯರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ವಾರ ಹಿಡ್ಯಾರ, ಇದು ಸರ್ಕಾರದ ವಾರ" ಅಂದಳು ಅವ್ವ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ವಾರ?" ಅದಕ್ಕೆ ಮಾತ್ರ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇಪ್ಪತ್ತೊಂದು ದಿನ ಅಂದರು, ಆಮೇಲೆ ಮುಂದೂಡಿದರು, ಮತ್ತೆ ಮುಂದೂಡಿದರು. ಅವ್ವ ಹೆದರಿದ್ದು ರೋಗಕ್ಕಲ್ಲ, ಆ ಮುಂದೂಡಿಕೆಗೆ.

ನಾನು ಒಂದು ವಿಮಾ ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಹೆದರಿಕೆಗೆ ಕಂತು ಕಟ್ಟಿಸಿಕೊಳ್ಳುವುದೇ ನಮ್ಮ ಕೆಲಸ. ಅಲ್ಲಿಯೂ 'ಕಟ್ಟು' ಬಂತು ನೋಡಿ. ಜನ ಪಾಲಿಸಿ ಮಾಡಿಸುವಾಗ ಮೊದಲು ಕೇಳುವುದು ಎಷ್ಟು ಬರುತ್ತದೆ ಅಂತಲ್ಲ, ಎಷ್ಟು ವರ್ಷ ಕಟ್ಟಬೇಕು ಅಂತ. ಮುಗಿಯುವ ದಿನ ಬರೆದಿರದ ಕಾಗದಕ್ಕೆ ಯಾರೂ ಸಹಿ ಹಾಕುವುದಿಲ್ಲ.

ಸಹಿ ಹಾಕುವ ಹಕ್ಕು ಇದ್ದವರ ಮಾತು ಇದು. ನಮ್ಮ ಓಣಿಯಲ್ಲಿ ಒಬ್ಬಳು ಅಕ್ಕ ಇದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು. ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ಅವಳ ತಲೆಯಲ್ಲಿ ಜಡೆ ಬಂತು. ತಾಯಿ ಕೂಲಿಗೆ ಹೋಗುತ್ತಿದ್ದಳು. ತಲೆ ಬಾಚಿ ಎಣ್ಣೆ ಹಚ್ಚುವವರಿಲ್ಲದೆ ಕೂದಲು ಒಂದಕ್ಕೊಂದು ಅಂಟಿ ಗಂಟಾಗಿದ್ದು, ಅಷ್ಟೇ. ಆದರೆ ಅದನ್ನು ಕತ್ತರಿಸಲು ಯಾರಿಗೂ ಧೈರ್ಯ ಬರಲಿಲ್ಲ. ಎಲ್ಲಮ್ಮ ಕರೆದಿದ್ದಾಳೆ ಅಂದರು. ಅದೇ ವರ್ಷ ಅವಳ ಅಪ್ಪ ಹಾಸಿಗೆ ಹಿಡಿದ. ದೇವಿಗೆ ಬಿಟ್ಟರೆ ಮನೆ ಉಳಿಯುತ್ತದೆ ಅಂದರು. ಒಂದು ರಾತ್ರಿ ಅವಳನ್ನು ಕರೆದುಕೊಂಡು ಹೋದರು. ತಿರುಗಿ ಬಂದಾಗ ಕೊರಳಲ್ಲಿ ಕೆಂಪು-ಬಿಳಿ ಮಣಿಯ ಸರ. ಮುತ್ತು ಕಟ್ಟಿದ್ದರು, ದೇವದಾಸಿ ಮಾಡಿದ್ದರು.

ಅದೂ ರಕ್ಷೆಯ ಹೆಸರಿನಲ್ಲಿ ಕಟ್ಟಿದ್ದೇ. ಮನೆ ಕಾಯಲಿ, ಅಪ್ಪ ಏಳಲಿ, ರೋಗ ಹೋಗಲಿ ಅಂತ. ಕಾದಿದ್ದು ಯಾರನ್ನು, ಕಟ್ಟಿದ್ದು ಯಾರನ್ನು? ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆ ಇಲ್ಲ, ದುಡಿದು ತವರನ್ನು ಸಾಕಬೇಕು, ಆಮೇಲಿನ ಬಾಳು ಏನಾಗುತ್ತದೆ ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೇಳಿದ ಕಟ್ಟುಗಳಿಗೆಲ್ಲ ಒಂದು ಕೊನೆ ಇತ್ತು. ಇದಕ್ಕೆ ಮಾತ್ರ ಇಲ್ಲ. ಉದ್ಯಾಪನೆ ಇಲ್ಲ, ವಿಮೋಕ ಇಲ್ಲ. ಎಲ್ಲಕ್ಕೂ ಬಿಚ್ಚುವ ಶಾಸ್ತ್ರ ಮಾಡಿದ ಊರು ಇದಕ್ಕೊಂದನ್ನು ಮಾಡಲು ಮರೆತದ್ದು ಅಂತ ನಾನು ನಂಬುವುದಿಲ್ಲ. ಅದು ಮರೆವಲ್ಲ.

ಕಾನೂನು ಇರಲಿಲ್ಲ ಅಂತಲ್ಲ. ನಮ್ಮ ಜಿಲ್ಲೆಗಳು ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ಒಂದು ಕಾಯ್ದೆ ಬಂದಿತ್ತು. ಕರ್ನಾಟಕ ಸರ್ಕಾರ 1982ರಲ್ಲಿ ಇನ್ನೊಂದು ತಂದಿತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದು, ಅದಕ್ಕೆ ನೆರವಾಗುವುದು ಅಪರಾಧ ಅಂತ. ಕಾಗದದ ಮೇಲೆ ಬಿಚ್ಚಿದ ಗಂಟು ಕೊರಳಲ್ಲಿ ಬಿಚ್ಚಲು ಬಹಳ ದಿನ ಹಿಡಿಯಿತು. ಬಿಚ್ಚಿದವರು ಹೆಚ್ಚಾಗಿ ಅದೇ ಹೆಂಗಸರು. ಬೆಳಗಾವಿ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಮುತ್ತು ಕಟ್ಟಿಸಿಕೊಂಡವರೇ ಸೇರಿ ಸಂಘ ಮಾಡಿಕೊಂಡು, ಊರೂರು ತಿರುಗಿ, ಜಡೆ ಕತ್ತರಿಸಿದರೆ ಏನೂ ಆಗುವುದಿಲ್ಲ ಅಂತ ತಾವೇ ಕತ್ತರಿ ಹಿಡಿದು ತೋರಿಸಿದರು. ಕತ್ತರಿ ಹಚ್ಚಲೇಬೇಕಾದ ಕಡೆ ಹಚ್ಚಿದರು. ನಮ್ಮ ಓಣಿಯ ಅಕ್ಕ ಆ ಹೊತ್ತಿಗೆ ಪುಣೆಯ ಕಡೆ ಹೋಗಿಬಿಟ್ಟಿದ್ದಳು. ಆಮೇಲೆ ಅವಳನ್ನು ನಾನು ನೋಡಿಲ್ಲ.

ಇಷ್ಟು ಲೆಕ್ಕ ಹಾಕಿ, ಕೊನೆ ಇರುವ ಕಟ್ಟು ಒಳ್ಳೆಯದು, ಇಲ್ಲದ್ದು ಕೆಟ್ಟದ್ದು ಅಂತ ಗೆರೆ ಎಳೆದುಬಿಡಬಹುದಿತ್ತು. ಆದರೆ ನನ್ನ ಅಂಗೈಯಲ್ಲಿ ಅಪ್ಪನ ಲಿಂಗ ಬೆಚ್ಚಗೆ ಕೂತಿತ್ತು. ಅದನ್ನೂ ಬಿಚ್ಚುವ ದಿನ ಇಲ್ಲ. ಸತ್ತ ಮೇಲೂ ಇಲ್ಲ, ಮಣ್ಣಿಗೆ ಇಡುವಾಗ ಜೊತೆಗೇ ಹೋಗುತ್ತದೆ. 12ನೇ ಶತಮಾನದಲ್ಲಿ ನಮ್ಮ ಬಾಗೇವಾಡಿಯ ಹುಡುಗ ಜನಿವಾರ ಒಲ್ಲೆ ಅಂತ ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದ ಅಂತ ಕಥೆ ಕೇಳಿ ಬೆಳೆದವರು ನಾವು. ಒಂದು ದಾರ ಬೇಡ ಅಂದವನ ಹೆಸರಿನಲ್ಲಿ ಇನ್ನೊಂದು ದಾರ ನಮ್ಮ ಕೊರಳಿಗೆ ಬಂದಿದೆ. ಅದೂ ತೊಟ್ಟಿಲಲ್ಲಿದ್ದಾಗಲೇ, ಯಾರೂ ನಮ್ಮನ್ನು ಕೇಳದೆ. ನಾನು ಕಾಲೇಜಿಗೆ ಹೋಗುವಾಗ ತೆಗೆದಿಟ್ಟದ್ದನ್ನು ಮತ್ತೆ ಹಾಕಿಕೊಂಡಿಲ್ಲ. ಯಾರೂ ಏನೂ ಅನ್ನಲಿಲ್ಲ. ಅಪ್ಪ ಒಂದು ಸಲ ನನ್ನ ಕೊರಳ ಕಡೆ ನೋಡಿದ, ಅಷ್ಟೇ. ಬಹುಶಃ ವ್ಯತ್ಯಾಸ ಅಲ್ಲಿರಬೇಕು, ತೆಗೆದಿಟ್ಟರೆ ಬೆನ್ನಟ್ಟಿ ಬರುತ್ತದೋ ಇಲ್ಲವೋ ಅನ್ನುವುದರಲ್ಲಿ. ಇಲ್ಲದಿರಲೂಬಹುದು. ಎರಡು ತಾಸಿನಲ್ಲಿ ಅಷ್ಟಕ್ಕಿಂತ ಮುಂದೆ ನನ್ನ ತಲೆ ಓಡಲಿಲ್ಲ.

ಮಧ್ಯೆ ಒಮ್ಮೆ ಎದ್ದು ಕಿಟಕಿ ಹತ್ತಿರ ಹೋದೆ. ದೂರದಲ್ಲಿ ಗೋಳಗುಮ್ಮಟ ಕಾಣುತ್ತಿತ್ತು. ಅದರ ಬಾಗಿಲ ಬಳಿ ಸರಪಳಿಯಿಂದ ಒಂದು ಕಲ್ಲು ತೂಗುಹಾಕಿದ್ದಾರೆ. ಬಿಜಲಿ ಪತ್ಥರ್ ಅಂತಾರೆ, ಉಲ್ಕೆಯ ತುಂಡು, ಸಿಡಿಲಿನಿಂದ ಕಾಯುತ್ತದೆ ಅಂತ ನಂಬಿಕೆ. ಅಲ್ಲಿ ಮಣ್ಣಾಗಿರುವ ಸುಲ್ತಾನ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ. ಅಷ್ಟು ದಪ್ಪ ಗೋಡೆ, ಅಷ್ಟು ದೊಡ್ಡ ಗುಮ್ಮಟ ಕಟ್ಟಿದವರಿಗೂ ಬಾಗಿಲಿಗೊಂದು ತಾಯತ ಬೇಕೆನಿಸಿತು. ಮೈಮೇಲೆ ನಾಲ್ಕು ದಾರ ಇದ್ದ ಅಪ್ಪನನ್ನು ನಾನು ಯಾಕೆ ಆಡಿಕೊಳ್ಳಲಿ.

ಅಪ್ಪ ಹೊರಗೆ ಬಂದ. ಕಣ್ಣು ಪೂರ್ತಿ ತೆರೆಯದೆಯೇ ಕೈ ಚಾಚಿದ. ಲಿಂಗ ಕೊಟ್ಟೆ. ಮುಷ್ಟಿ ಮುಚ್ಚಿ ಮಲಗಿದ.

ಡಾಕ್ಟರು ಒಂದೂವರೆ ತಿಂಗಳು ನಡುವಿಗೆ ಏನೂ ಬಿಗಿಯಬಾರದು ಅಂದಿದ್ದರು. ಕೈಯ ಕೆಂಪು ದಾರವನ್ನು ಅಪ್ಪ ನೆನಪೂ ಮಾಡಿಕೊಳ್ಳಲಿಲ್ಲ. ಕಾಲಿಗೆ ಅವ್ವ ಅವತ್ತು ರಾತ್ರಿಯೇ ಹೊಸದು ಕಟ್ಟಿದಳು. ತಾಯತ ದೇವರ ಜಗುಲಿಯ ಮೇಲೆ ಭಂಡಾರದ ಬಟ್ಟಲ ಪಕ್ಕ ಕೂತಿತು. ಒಂದು ದಿನ ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡಿದೆ. ಒಳಗೆ ಸದ್ದೇ ಇಲ್ಲ. "ಏನೈತಿ ಅಂತ ತಗದು ನೋಡಬ್ಯಾಡ ಮತ್ತ" ಅಂತ ಅಡಿಗೆಮನೆಯಿಂದಲೇ ಅವ್ವ ಕೂಗಿದಳು. ಅವಳಿಗೆ ಹೇಗೆ ಗೊತ್ತಾಯಿತೋ.

ಉಡದಾರ ಇಲ್ಲದೆ ಅಪ್ಪನಿಗೆ ಚಡಪಡಿಕೆ. ಟಿವಿ ನೋಡುತ್ತಾ, ಮಾತಾಡುತ್ತಾ ಹೆಬ್ಬೆರಳು ನಡುವಿಗೆ ಹೋಗುವುದು, ಅಲ್ಲಿ ಏನೂ ಸಿಗದೆ ವಾಪಸ್ ಬರುವುದು. ಒಮ್ಮೆ ನಾನೇ ಕೆಣಕಿದೆ.

"ಅಪ್ಪಾ, ಒಂದ ತಿಂಗಳಾತು, ಏನೂ ಆಗ್ಲಿಲ್ಲಲಾ?"

"ಆಗೂದಲ್ಲ ಯವ್ವಾ. ಬತ್ತಲಿದ್ದಂಗ ಆಗೇತಿ."

ಒಂದೂವರೆ ತಿಂಗಳಾದ ಮೇಲೆ ಹೊಲಿಗೆ ತೋರಿಸಿಕೊಂಡು ಬರುವಾಗ ಬಜಾರಿನಲ್ಲಿ ಇಳಿದೆವು. ಅಂಗಡಿಯವ ಕರಿದು, ಕೆಂಪುದು, ಗೊಂಡೆ ಇದ್ದದ್ದು, ಇಲ್ಲದ್ದು ಎಲ್ಲಾ ಹರವಿದ. ಅಪ್ಪ ಸೀರೆ ಆರಿಸುವವರ ಹಾಗೆ ಎಳೆದು, ಹಿಂಡಿ, ಬೆಳಕಿಗೆ ಹಿಡಿದು ಒಂದು ಕರಿ ಉಡದಾರ ಆರಿಸಿದ. ಮನೆಗೆ ಬಂದು ಸುತ್ತಿಕೊಂಡ. ಗಂಟು ಹಾಕಲು ಬೆರಳು ನಡುಗುತ್ತಿದ್ದವು. ನನ್ನನ್ನು ಕರೆದ.

"ಗಟ್ಟಿ ಹಾಕ್ಲೇನಪಾ?"

"ಬಿಚ್ಚಾಕ ಬರೂವಂಗ ಹಾಕು. ಮುಂದಿನ ಸಲ ಮತ್ತ ಪಿನ್ನ ಹುಡಕೂದು ಬ್ಯಾಡ."